ಮಣ್ಣಿಗೆ ಹೋಗುವವಳು

"ಹೆಣ್ಮಕ್ಕಳು ಮಣ್ಣಿಗೆ ಹೋಗಂಗಿಲ್ಲ" ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದರಂತೆ. ಇರಲಿ. ನಾನು ಹೋದೆ. ವರ್ಷಗಟ್ಟಲೆ ಹೋದೆ, ಸಂಬಳ ತಗೊಂಡು ಹೋದೆ. ಕೊನೆಗೆ ನನ್ನ ಅಪ್ಪನ ವಿಷಯದಲ್ಲೂ ಅದೇ ಮಾತು ಎದುರಿಗೆ ಬಂದು ನಿಂತಿತು. ಆವತ್ತು ಏನಾಯಿತೆಂದು ನಮ್ಮ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನನ್ನ ಕಡೆಯದನ್ನು ನಾನೇ ಹೇಳಿಬಿಡುವುದು ಮೇಲು.

ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಹೊಲಕ್ಕೆ ಹೋಗುವುದಲ್ಲ, ಸತ್ತವರನ್ನು ಹೂಳಲು ಹೋಗುವುದು. "ಮಣ್ಣು ಎಷ್ಟೊತ್ತಿಗೆ?" ಎಂದು ಯಾರಾದರೂ ಕೇಳಿದರೆ, ಹೆಣ ಎತ್ತುವ ಹೊತ್ತನ್ನು ಕೇಳುತ್ತಿದ್ದಾರೆ ಎಂದರ್ಥ. ಕೃಷಿ ಪದವಿ ಮುಗಿಸಿ ನಾನು ಮಣ್ಣು ಸಮೀಕ್ಷೆಯ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಸೇರಿದ ಹೊಸದರಲ್ಲಿ ಎದುರು ಮನೆಯಾಕೆ ಕೊಟ್ಟೂರಿನ ನಮ್ಮ ಮನೆಗೆ ಬಂದು, ಮಗಳು ಎಲ್ಲಿ ಎಂದು ಕೇಳಿದಳಂತೆ. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ, "ಮಣ್ಣಿಗೆ ಹೋಗ್ಯಾಳ" ಎಂದಳು.

"ಅಯ್ಯ ಶಿವನ! ಯಾರು ಹೋದ್ರು?"

"ಯಾರೂ ಹೋಗಿಲ್ಲವ್ವಾ. ಆಕಿ ನೌಕರಿನ ಅದು."

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹಬ್ಬಿತ್ತು. ಟೇಲರ್ ಮಗಳು ಹೆಣ ಹೂಳುವ ಆಫೀಸಿಗೆ ಸೇರಿದ್ದಾಳೆ! ಅವ್ವ ನಕ್ಕು ನಕ್ಕು ಸಾಕಾದಳು. ಅಪ್ಪ ನಗಲಿಲ್ಲ. ಪೇಟೆಯಲ್ಲಿ ಅವನದೊಂದು ಹೊಲಿಗೆ ಅಂಗಡಿ ಇತ್ತು, ಕುಪ್ಪಸ ಹೊಲಿಯುವುದರಲ್ಲಿ ಅವನಿಗೆ ಒಳ್ಳೆಯ ಹೆಸರು. ಅಂಗಡಿಗೆ ಬಂದವರೆಲ್ಲ ಇದನ್ನೇ ಕೇಳಿ ಕೇಳಿ ಅವನ ತಲೆ ಕೆಟ್ಟಿತ್ತು. "ಲೇ, ಇಷ್ಟು ಓದಿಸಿದ್ದು ನಿನ್ನ ಮಣ್ಣು ಹೊರಾಕೇನು?" ಎಂದು ರೇಗಿದ.

"ಹೊರಾದಲ್ಲಪ್ಪ, ಓದಾದು" ಎಂದೆ. ಅವನಿಗೆ ಅದು ಇನ್ನೂ ಸಿಟ್ಟು ತರಿಸಿತು.

ಓದುವುದೇ ನಿಜ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ನಮ್ಮ ಪಾಲಿಗಿದ್ದವು. ಹರಪನಹಳ್ಳಿಯನ್ನು ಆಗಷ್ಟೇ ಬೇರೆ ಜಿಲ್ಲೆಗೆ ಸೇರಿಸಿದ್ದರು. ಮಣ್ಣಿಗೆ ಆ ಆದೇಶ ತಲುಪಿರಲಿಲ್ಲ. ಗಡಿಕಲ್ಲಿನ ಈಚೆ ಇದ್ದ ಕೆಂಪು ಮಸಾರಿ ಮಣ್ಣೇ ಆಚೆಗೂ ಇತ್ತು. ನಾವು ಊರಿನ ನಕ್ಷೆ ಹಿಡಿದು ದಿಬ್ಬದ ತಲೆಯಿಂದ ಹಳ್ಳದ ದಂಡೆಯವರೆಗೆ ನಡೆಯುತ್ತಿದ್ದೆವು. ಮೇಲೆ ಕಲ್ಲು, ಗರಸು. ಇಳಿಜಾರಿನಲ್ಲಿ ಕೆಂಪು ಮಸಾರಿ. ಕೆಳಗೆ ಬಂದ ಹಾಗೆ ಕಪ್ಪಾಗುತ್ತ, ಕೊನೆಗೆ ಕಾಲು ಎತ್ತಿಟ್ಟರೆ ಚಪ್ಪಲಿಯೇ ಕಳಚುವ ಎರೆ. ಬಣ್ಣ ಎಲ್ಲಿ ಬದಲಾಯಿತು ಎಂದು ಕಣ್ಣಿಗೆ ಕಂಡರೂ, ಒಳಗೆ ಎಲ್ಲಿ ಬದಲಾಯಿತು ಎಂದು ಕೊರೆದೇ ನೋಡಬೇಕು. ಕೊರೆಯಲು ಒಂದು ಉದ್ದನೆಯ ತಿರುಪಿನ ಸಲಕರಣೆ ಇತ್ತು. ಬಡಿಗರ ಗಿರಮಿಟ್ಟಿನ ಹಾಗೇ ಇದ್ದುದರಿಂದ ಊರವರು ಅದನ್ನು ಗಿರಮಿಟ್ ಎಂದೇ ಕರೆದರು. ಮಂಡಕ್ಕಿ ಗಿರಮಿಟ್ ತಿನ್ನುವ ನಾಡಿನಲ್ಲಿ ಇಷ್ಟು ಸಾಕಲ್ಲ. ಹೋದ ಹೋದಲ್ಲಿ, "ಮೇಡಮ್ಮೋರ, ಗಿರಮಿಟ್ ತಂದೀರಿ, ಮಿರ್ಚಿ ಎಲ್ರಿ?" ಎನ್ನುವುದು ಒಂದು ಚಾಳಿಯಾಯಿತು.

ಕೊರೆದು ಕೊರೆದು ಇಂಥ ಮಣ್ಣು ಇಷ್ಟು ದೂರ ಹಬ್ಬಿದೆ ಎಂದು ಖಾತ್ರಿಯಾದ ಮೇಲೆ, ಅದನ್ನು ಚೆನ್ನಾಗಿ ತೋರಿಸುವ ಒಂದು ಜಾಗ ಹುಡುಕಿ ಗುಂಡಿ ತೋಡಿಸಬೇಕು. ಆಳೆತ್ತರದ ಗುಂಡಿ. ಬಿಸಿಲು ಬೀಳುವ ಬದಿಗೆ ನೆಟ್ಟಗೆ ಕಡಿದ ಗೋಡೆ, ಅದರೆದುರು ಇಳಿಯಲು ಮೆಟ್ಟಿಲು. ಒಳಗೆ ಇಳಿದು ಚಾಕುವಿನಿಂದ ಗೋಡೆ ಕೆರೆದು, ಪದರ ಎಲ್ಲಿಂದ ಎಲ್ಲಿಗೆ ಎಂದು ಗುರುತು ಹಾಕಬೇಕು. ಹೆಂಟೆ ಒದ್ದೆ ಮಾಡಿ ಬಣ್ಣದ ಪುಸ್ತಕದ ಚೌಕಗಳ ಪಕ್ಕ ಹಿಡಿದು ನೋಡಬೇಕು. ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಮರಳೆಷ್ಟು, ಜಿಗುಟೆಷ್ಟು ಎಂದು ತಿಳಿಯಬೇಕು. ಆಸಿಡ್ಡಿನ ಹನಿ ಬಿಟ್ಟಾಗ ನೊರೆ ಎದ್ದರೆ ಸುಣ್ಣ ಇದೆ. ಬೂದು ಮಚ್ಚೆಯೂ ಅದರ ಪಕ್ಕ ತುಕ್ಕಿನ ಬಣ್ಣದ ಗೆರೆಯೂ ಕಂಡರೆ ಅಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ, ಮೇಲೆ ಎಷ್ಟೇ ಒಣಗಿ ಕಾಣಲಿ. ಕೊನೆಗೆ ಪ್ರತಿ ಪದರದಿಂದ ಮಾದರಿ ತೆಗೆದು ಚೀಲಕ್ಕೆ ತುಂಬಬೇಕು, ಅದೂ ಕೆಳಗಿನಿಂದ ಮೇಲಕ್ಕೆ, ಮೇಲಿನ ಮಣ್ಣು ಉದುರಿ ಕೆಳಗಿನದರಲ್ಲಿ ಬೆರೆಯದ ಹಾಗೆ. ಇಷ್ಟನ್ನು ಅಂಗಡಿಯಲ್ಲಿ ಕೂತು ಹೇಳುತ್ತಿದ್ದಾಗ ಅಪ್ಪ ಕೇಳಿಯೂ ಕೇಳದವನಂತೆ ಮಷೀನು ತುಳಿಯುತ್ತಿದ್ದ.

ನಮಗೆ ಕೊಟ್ಟ ಚೀಲಗಳ ಹೊಲಿಗೆ ನೆಟ್ಟಗಿರಲಿಲ್ಲ. ಮರಳು ಮಣ್ಣು ತುಂಬಿದರೆ ತಳದಿಂದ ಸೋರುತ್ತಿತ್ತು. ಒಂದು ದಿನ ಅಂಥದ್ದೊಂದನ್ನು ಅಪ್ಪ ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಯಾವ ಕುರುಡ ಹೊಲಿದಾನ ಇದನ್ನ?" ಎಂದ. ಮರುದಿನ ಮೇಜಿನ ಮೇಲೆ ಹೊಸ ಚೀಲಗಳು ಇದ್ದವು. ಕುಪ್ಪಸದ ಖಣ ಕತ್ತರಿಸಿ ಉಳಿದ ತುಂಡುಗಳನ್ನೇ ಕೂಡಿಸಿ, ತಳಕ್ಕೆ ಎರಡು ಸುತ್ತು ಹೊಲಿಗೆ ಹಾಕಿದ್ದ. ಬಾಯಿಗೆ ದಾರ ಬೇರೆ. ನನ್ನ ಮಾದರಿಗಳು ಹೂವಿನ ಬುಟ್ಟಾದ, ಹಸಿರು ಅಂಚಿನ ಚೀಲಗಳಲ್ಲಿ ಹೋದಾಗ ಪ್ರಯೋಗಾಲಯದವರು ಇದೇನು ಮಣ್ಣೋ, ಮದುವೆ ಬಾಗಿನವೋ ಎಂದು ಆಡಿಕೊಂಡರು. ನಾನು ಚೀಲ ಬದಲಿಸಲಿಲ್ಲ. ಅಪ್ಪನೂ ಹೊಲಿಯುವುದನ್ನು ಬಿಡಲಿಲ್ಲ.

ಗುಂಡಿಯ ವಿಷಯ ಚೀಲದಷ್ಟು ಹಗುರವಾಗಿರಲಿಲ್ಲ. ನಮ್ಮವರು ಸತ್ತವರನ್ನು ಕೂರಿಸಿ ಹೂಳುತ್ತಾರೆ. ಅದಕ್ಕೆ ತೋಡುವ ಕುಣಿಯೂ ಆಳೆತ್ತರದ್ದೇ, ಅದಕ್ಕೂ ಮೆಟ್ಟಿಲು ಇರುತ್ತದೆ. ಹಾಗಾಗಿ ನಾವು ತೋಡಿಸಿದ ಗುಂಡಿಯನ್ನು ಕಂಡ ಯಾರಿಗೂ ಬೇರೆ ಏನೂ ತೋಚುತ್ತಿರಲಿಲ್ಲ. ಅದರೊಳಗೆ ಒಬ್ಬ ಹೆಂಗಸು ಇಳಿಯುವುದೆಂದರೆ ಮುಗಿಯಿತು. ನಮ್ಮ ಸಾಹೇಬರು ಸಹ ಮೊದಮೊದಲು, "ನೀವು ಮೇಲೆ ಕೂತು ಬರ್ಕೊಳ್ಳಿ, ಕೆಳಗೆ ಯಾರಾದ್ರೂ ಇಳಿದು ಹೇಳ್ತಾರೆ" ಎಂದರು.

"ಸರ್, ಇದು ಕೇಳಿಸ್ಕೊಂಡು ಬರೆಯೋದಲ್ಲ, ಮುಟ್ಟಿ ಬರೆಯೋದು" ಎಂದು ನಾನು ಇಳಿದುಬಿಟ್ಟೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು, ಮತ್ತೆ ಆ ಮಾತು ಎತ್ತಲಿಲ್ಲ.

ಹಡಗಲಿ ತಾಲ್ಲೂಕಿನ ಮಾಗಳದ ಕಡೆ, ಹೊಳೆಗೆ ಇಳಿಯುವ ಎರೆಭೂಮಿಯಲ್ಲಿ ಒಂದು ಗುಂಡಿ ಬೇಕಾಗಿತ್ತು. ಆ ಇಳಿಜಾರಿನ ಮಣ್ಣನ್ನು ಸರಿಯಾಗಿ ತೋರಿಸುವ ಜಾಗ ಒಬ್ಬ ವಯಸ್ಸಾದ ಹೆಂಗಸಿನ ಹೊಲದಲ್ಲಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಅದೇ ಹೊಲದ ಬದುವಿನ ಮೂಲೆಯಲ್ಲಿ ಅವನ ಸಮಾಧಿ. ಆಕೆ ಒಪ್ಪಿದಳು, ನಮ್ಮ ಆಳುಗಳು ತೋಡಿದರು. ನಾನು ಇಳಿದು ಗೋಡೆ ಕೆರೆಯುತ್ತಿದ್ದಾಗ ಆಕೆಯ ಮೈದುನ ಊರಿನ ಕೆಲವರನ್ನು ಕಟ್ಟಿಕೊಂಡು ಬಂದ.

"ಏನ್ರೀ ಇದು? ತೋಡಿದ ಕುಣಿ ಖಾಲಿ ಬಿಡಬಾರ್ದು ಅನ್ನೋದು ಗೊತ್ತಿಲ್ಲೇನು ನಿಮಗ? ಖಾಲಿ ಕುಣಿ ಸುಮ್ನ ಇರಂಗಿಲ್ಲ, ಮನಿಯಾಗಿನವರ್ನ ಯಾರನ್ನಾರ ಕರಿತೈತಿ. ಅದ್ರಾಗ ಹೆಣ್ಮಗಳು ಬ್ಯಾರೆ ಇಳಿದೀರಿ. ಮೊದಲು ಮ್ಯಾಲ ಬರ್ರಿ, ಈಗಿಂದೀಗ ಮುಚ್ರಿ."

"ಕೆಲಸ ಮುಗಿಯೋತನಕ ಮುಚ್ಚಲ್ಲ" ಎಂದೆ. ಗುಂಡಿಯೊಳಗೆ ನಿಂತವರ ಮಾತಿಗೆ ಮೇಲೆ ನಿಂತವರು ಬೆಲೆ ಕೊಡುವುದು ಕಷ್ಟ. ನನಗೆ ಅವರ ಧೂಳು ಹಿಡಿದ ಕಾಲುಗಳು ಮಾತ್ರ ಕಾಣುತ್ತಿದ್ದವು. ಸಾಹೇಬರು ನನ್ನನ್ನು ಮೇಲೆ ಜೀಪಿನ ಹತ್ತಿರ ಕರೆದು, ಕಾಲುವೆ ದಂಡೆಯಲ್ಲಿ ಬೇರೆ ಗುಂಡಿ ತೋಡಿಸೋಣ ಎಂದರು. ಕಾಲುವೆ ದಂಡೆಯಲ್ಲಿರುವುದು ಎಲ್ಲಿಂದಲೋ ತಂದು ಸುರಿದ ಮಣ್ಣು. ಅದನ್ನು ಬರೆದರೆ ಇಡೀ ಇಳಿಜಾರಿಗೆ ಸುಳ್ಳು ಬರೆದ ಹಾಗೆ. ನಾನು ಆಗುವುದಿಲ್ಲ ಎಂದು ಮತ್ತೆ ಗುಂಡಿಗೆ ಇಳಿದೆ.

ಅಷ್ಟೊತ್ತೂ ಬದುವಿನ ಮೇಲೆ ಕೂತು ಎಲೆ ಅಡಿಕೆ ಅಗಿಯುತ್ತಿದ್ದ ಆ ಹೆಂಗಸು ಎದ್ದಳು. ಮೈದುನನನ್ನು ಕೇಳಿದಳು: "ಹೊಲ ಯಾರ ಹೆಸರಿಗೈತಿ?"

"ನಿನ್ನ ಹೆಸರಿಗೇ ಐತಿ. ಅದಕ್ಕೇನೀಗ?"

"ಮತ್ತ ಸುಮ್ನ ಕುಂದ್ರು." ಆಮೇಲೆ ನನ್ನ ಕಡೆ ತಿರುಗಿ, "ಕೈ ಕೊಡು ಮಗಳ, ನಾನೂ ಇಳೀತೀನಿ" ಎಂದಳು.

ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದವಳು ತಳದಲ್ಲಿ ಕೂತೇಬಿಟ್ಟಳು, ಬೆನ್ನನ್ನು ಗೋಡೆಗೆ ಆನಿಸಿ. "ಖಾಲಿ ಇರಬಾರ್ದಂತಲ್ಲ. ನಾ ಕುಂತೀನಿ ನೋಡು. ಈಗ ಖಾಲಿ ಇಲ್ಲ" ಎಂದು ಮೇಲಕ್ಕೆ ಕೂಗಿದಳು. ಮೇಲಿನ ಕಾಲುಗಳು ಅತ್ತಿತ್ತ ಸರಿದವು. ಯಾರೋ ಒಬ್ಬ ಕಿಸಕ್ಕನೆ ನಕ್ಕ. ಮೈದುನ ಟವೆಲ್ ಕೊಡವಿಕೊಂಡು ಹೊರಟುಹೋದ.

ನಾನು ಪದರಗಳನ್ನು ಬರೆದುಕೊಳ್ಳುತ್ತಿದ್ದೆ. ಆಕೆ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದು ಕೂತಿದ್ದಳು. ಮೇಲೆ ಬೇಸಿಗೆ, ಹೊಲ ಅಂಗೈ ಅಗಲ ಬಿರುಕು ಬಿಟ್ಟಿತ್ತು. ಕೆಳಗೆ ಎರೆ ಇನ್ನೂ ಹಸಿ ಹಿಡಿದಿತ್ತು.

"ಅವರು ಹೋದಾಗ್ಲೂ ಹಿಂಗ ಬ್ಯಾಸಗಿ" ಎಂದಳು. "ಮಣ್ಣಿಗೆ ನನ್ನ ಬರಗೊಡ್ಲಿಲ್ಲ. ಮನ್ಯಾಗ ಹಿಡಕೊಂಡು ಕುಂತಿದ್ರು. ಹಿಂತಾ ಕಾದ ಹೊಲದಾಗ ಇಟ್ಟು ಬಂದ್ರಲ್ಲ, ಒಳಗ ಹೆಂಗ ಬೇಯತಾರೋ ಅಂತ ಇಷ್ಟು ವರ್ಷ ಅದ ಒಂದು ಸಂಕಟ. ಯಾರನ್ನ ಕೇಳ್ಲಿ ಹೇಳು?" ಕೈಯನ್ನು ಇನ್ನೊಮ್ಮೆ ಒತ್ತಿದಳು. "ತಂಪೈತಿ ಬಿಡು."

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟನ್ನು ಯಾರಾದರೂ ಒಬ್ಬ ಗಂಡಸು, ಆವತ್ತು ಮಣ್ಣಿಗೆ ಹೋಗಿ ಬಂದವನು, ಆಕೆಗೆ ಹೇಳಬಹುದಿತ್ತು. ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಗುಂಡಿ ಮುಚ್ಚಿದ ಮೇಲೂ ಆಕೆ ಆ ಹೊಲದಲ್ಲೇ ಉಳಿದಳು, ನಾವು ಜೀಪು ಹತ್ತಿದೆವು.

ಅಂಗಡಿಯಲ್ಲಿ ಇದನ್ನು ಅಪ್ಪನಿಗೆ ಹೇಳಿದೆ. ಮಷೀನು ನಿಂತಿತು. ಅವನು, "ನಮ್ಮವ್ವನ ಮಣ್ಣಿನ ದಿನ ನಿಮ್ಮತ್ತಿ ಬೇವಿನ ಗಿಡದತನಕ ಬೆನ್ನು ಹತ್ತಿ ಬಂದಿದ್ಲು. ನಾನ ರಟ್ಟಿ ಹಿಡಿದು ಎಳಕೊಂಡೋಗಿ ಮನಿಗೆ ಬಿಟ್ಟು ಬಂದೆ" ಎಂದ. ನಮ್ಮ ಓಣಿಯ ಕೊನೆಯಲ್ಲಿರುವ ಆ ಬೇವಿನ ಮರದವರೆಗೆ ಮಾತ್ರ ಹೆಂಗಸರು. ಅಲ್ಲಿಂದ ಮುಂದಕ್ಕೆ ಗಂಡಸರು. ಅಪ್ಪ ದಾರ ಪೋಣಿಸಲು ನೋಡಿದ, ಸೂಜಿಯ ಕಣ್ಣು ಸಿಗಲಿಲ್ಲ. ನಾನು ಪೋಣಿಸಿ ಕೊಟ್ಟೆ.

"ನೀನು ಅಷ್ಟು ಮಣ್ಣು ಓದ್ಯಾಕಿ, ಒಂದು ಕೆಲಸ ಮಾಡು" ಎಂದ ಆಮೇಲೆ, ಅರ್ಧ ನಗುತ್ತ. "ನನ್ನ ಕುಣಿ ನೀನ ಇಳಿದು ನೋಡಿ ಪಾಸ್ ಮಾಡು. ನೀರು ನಿಂದ್ರೋ ಜಾಗದಾಗ ಕುಂದ್ರಿಸಬ್ಯಾಡ್ರಿ ನನ್ನ. ಮೊದಲ ಮಂಡಿನೋವು."

"ಆತು ಬಿಡಪ್ಪ" ಎಂದೆ. ಅವನಿಗೆ ಅದು ತಮಾಷೆಯೋ ಅಲ್ಲವೋ, ನನಗೆ ಅದು ಒಪ್ಪಿಕೊಂಡ ಕೆಲಸ.

ಕೆಲವು ವರ್ಷಗಳಾದ ಮೇಲೆ, ಮಳೆ ಚೆನ್ನಾಗಿ ಹಿಡಿದಿದ್ದ ಒಂದು ಶ್ರಾವಣದಲ್ಲಿ ಅಪ್ಪ ಹೋದ. ಕತ್ತರಿಸಿಟ್ಟ ಖಣ ಮೇಜಿನ ಮೇಲೆ ಹಾಗೇ ಇತ್ತು. ಬೆಳಿಗ್ಗೆ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಕುಣಿ ತೋಡುವವರನ್ನು ಕರೆದುಕೊಂಡು ಹೊರಟ. ನಾನೂ ಚಪ್ಪಲಿ ಮೆಟ್ಟಿದೆ. ಬೇವಿನ ಮರದ ಹತ್ತಿರ ದೊಡ್ಡಪ್ಪ ಹಿಂತಿರುಗಿ ನೋಡಿದ.

"ಎಲ್ಲಿಗವ್ವಾ? ಹೆಣ್ಮಕ್ಕಳು ಮಣ್ಣಿಗೆ ಬರಂಗಿಲ್ಲ."

"ದೊಡ್ಡಪ್ಪ, ನಾನು ದಿನಾ ಹೋಗಾದು ಮಣ್ಣಿಗೇ" ಎಂದು ಮರ ದಾಟಿದೆ. ದುಃಖದಲ್ಲಿ ತಲೆ ಕೆಟ್ಟಿದೆ, ಸ್ವಲ್ಪ ಹೊತ್ತು ನಿಂತು ವಾಪಸ್ ಹೋಗುತ್ತಾಳೆ ಎಂದುಕೊಂಡನೇನೋ, ಮುಂದೆ ನಡೆದ.

ಜಾಗವನ್ನು ಅವನು ಸ್ಮಶಾನದ ಬೇಲಿಯ ಪಕ್ಕ, ತಗ್ಗಿನಲ್ಲಿ ಆರಿಸಿದ್ದ. ದಾರಿಗೆ ಹತ್ತಿರ, ಅಗೆಯಲು ಮೆತ್ತಗೆ. ಮೆತ್ತಗೆ ಯಾಕಿದೆ ಎಂದು ಯಾರೂ ಕೇಳಿರಲಿಲ್ಲ. ತೋಡಿ ಮುಗಿದಾಗ ತಳ ಬರೀ ತೇವವಿತ್ತು, ನೀರು ಕಾಣಲಿಲ್ಲ. ನಾನು ಸೀರೆ ಎತ್ತಿಕಟ್ಟಿ ಮೆಟ್ಟಿಲು ಇಳಿದೆ. ಮೇಲೆ "ಏ, ಏ" ಎಂದು ಗದ್ದಲವಾಯಿತು. ಅದನ್ನು ಬಹಳ ಕೇಳಿದ್ದೇನೆ. ಹೆಬ್ಬೆರಳಿನಿಂದ ಗೋಡೆ ಕೆರೆದೆ. ಮೇಲೆ ಕಂದು ಮಣ್ಣು, ಬೇರು. ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ಬೂದು ಮಚ್ಚೆ, ಅದರ ಸುತ್ತ ತುಕ್ಕಿನ ಗೆರೆ. ಕೆಳಗೆ ಹೋದಂತೆ ಬೂದು ಬಣ್ಣವೇ ಹೆಚ್ಚು. ಅಪ್ಪನನ್ನು ಕೂರಿಸಿದರೆ ಎದೆಯವರೆಗೆ ನೀರು ಬರುವ ಮಣ್ಣು ಅದು. ಆವತ್ತಲ್ಲದಿದ್ದರೆ ಮುಂದಿನ ವಾರ, ಮುಂದಿನ ವಾರವಲ್ಲದಿದ್ದರೆ ಪ್ರತಿ ಮಳೆಗಾಲ.

"ಇಲ್ಲಿ ಬ್ಯಾಡ ದೊಡ್ಡಪ್ಪ. ಇಲ್ಲಿ ನೀರು ನಿಂದ್ರತೈತಿ. ಮೇಲೆ ಆ ದಿಬ್ಬದ ಕಡೆ ತೋಡಸ್ರಿ."

"ತೋಡಿದ ಕುಣಿ ಖಾಲಿ ಬಿಡತಾರೇನು? ಮನಿಗೆ ಒಳ್ಳೇದಲ್ಲ. ಹೊತ್ತಾತು, ಮ್ಯಾಲ ಬಾ ನೀನು."

"ಖಾಲಿ ಬಿಡಬಾರ್ದಲ್ಲ? ಬಿಡಾದು ಬ್ಯಾಡ. ನಾ ಕುಂದಿರ್ತೀನಿ. ನೀವು ಅಲ್ಲಿ ತೋಡ್ರಿ."

ಕೂತೆ. ಮಾಗಳದ ಆ ಹೆಂಗಸು ಕೂತ ಹಾಗೆ, ಬೆನ್ನು ಗೋಡೆಗೆ ಕೊಟ್ಟು. ಸೀರೆಗೆ ತೇವ ಹತ್ತಿತು. ದೊಡ್ಡಪ್ಪ ಕೂಗಾಡಿದ. ಸತ್ತವನ ಮಾನ ಕಳೆಯುತ್ತೀಯಾ ಎಂದ, ಓದು ತಲೆಗೇರಿದೆ ಎಂದ, ನಿಮ್ಮಪ್ಪ ಇದ್ದಿದ್ದರೆ ಎಂದ. "ಅಪ್ಪನೇ ಹೇಳ್ಯಾನ" ಎಂದೆ. ಯಾರೂ ನಂಬಲಿಲ್ಲ. ನನ್ನನ್ನು ಎಳೆದು ತರಲು ಒಬ್ಬರಾದರೂ ಇಳಿಯಬಹುದಿತ್ತು. ಆದರೆ ಬೇರೆಯವರಿಗೆಂದು ತೋಡಿದ ಕುಣಿಗೆ ಸುಮ್ಮನೆ ಇಳಿಯಲು ಆ ಗಂಡಸರಿಗೆಲ್ಲ ಹೆದರಿಕೆ. ನನಗೆ ಅಭ್ಯಾಸ. ಕೊನೆಗೆ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಕೊಡೆ ಮಡಚುತ್ತ, "ಮಳಿ ಬರೋ ಹಂಗೈತಿ, ಎಲ್ಲ್ಯಾರ ಒಂದು ಕಡೆ ಜಲ್ದಿ ತೋಡ್ರಪ್ಪ" ಎಂದರು. ದಿಬ್ಬದ ಕಡೆಯಿಂದ ಗುದ್ದಲಿಯ ಸದ್ದು ಕೇಳಿದ ಮೇಲೂ ನಾನು ಏಳಲಿಲ್ಲ, ಅಗೆದು ಮುಗಿಸುವವರೆಗೆ ಕೂತೇ ಇದ್ದೆ.

ಎರಡನೆಯ ಕುಣಿಗೂ ಇಳಿದು ನೋಡಿದೆ. ಮೊಳದಷ್ಟು ಆಳಕ್ಕೆ ಕೆಂಪು ಮಸಾರಿ, ಅದರ ಕೆಳಗೆ ಸಣ್ಣ ಗರಸು, ತಳದಲ್ಲಿ ಪುಡಿಪುಡಿಯಾಗುವ ಹಳದಿಗೆಂಪು ಮಣ್ಣು. ಎಲ್ಲಿಯೂ ಮಚ್ಚೆ ಇಲ್ಲ. ಬಿದ್ದ ನೀರು ನಿಲ್ಲದೆ ಇಳಿದು ಹೋಗುವ ಮಣ್ಣು. ಪಾಸ್ ಎಂದು ಬಾಯಿಬಿಟ್ಟು ಹೇಳಿದೆ. ಕೈಚೀಲದಲ್ಲಿ ಅಪ್ಪ ಹೊಲಿದ ಮಾದರಿ ಚೀಲಗಳು ಯಾವಾಗಲೂ ಒಂದೆರಡು ಇರುತ್ತಿದ್ದವು. ಒಂದನ್ನು ತೆಗೆದು ತಳದ ಮಣ್ಣನ್ನು, ಅವನು ಕೂರುವ ಜಾಗದ್ದನ್ನು, ತುಂಬಿ ದಾರ ಕಟ್ಟಿದೆ. ಆಮೇಲೆ ಅಪ್ಪನನ್ನು ತಂದರು. ವಿಭೂತಿ, ಪತ್ರಿ, ಎಲ್ಲ ಆಯಿತು. ಹಿಡಿ ಮಣ್ಣು ಹಾಕುವಾಗ ನಾನೂ ಹಾಕಿದೆ. ಯಾರೂ ತಡೆಯಲಿಲ್ಲ, ಯಾರೂ ನನ್ನ ಮುಖವನ್ನೂ ನೋಡಲಿಲ್ಲ. ಬೇಲಿಯ ಪಕ್ಕದ ಕುಣಿಗೆ ಒಂದು ತೆಂಗಿನಕಾಯಿ ಹಾಕಿ ಮುಚ್ಚಿದರು. ಅದು ಈವರೆಗೆ ನಮ್ಮ ಮನೆಯಿಂದ ಯಾರನ್ನೂ ಕರೆದಿಲ್ಲ.

ಮನೆಗೆ ಬಂದಾಗ ಅಂಗಳದಲ್ಲಿ ಹಂಡೆಯ ನೀರು ಕಾಯುತ್ತಿತ್ತು, ಮಣ್ಣಿಗೆ ಹೋಗಿ ಬಂದವರ ಸ್ನಾನಕ್ಕೆ. ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅವಳನ್ನೂ ಬೇವಿನ ಮರದ ಹತ್ತಿರ ಹಿಂದಕ್ಕೆ ಕಳಿಸಿದ್ದರು. ನನ್ನ ಕೆಸರಿನ ಸೀರೆಯನ್ನೇ ನೋಡಿದಳು. ನಾನು ಚೀಲದ ದಾರ ಬಿಚ್ಚಿ ಅವಳ ಮಡಿಲಿಗೆ ಇಟ್ಟೆ.

"ಏನಿದು?" ಎಂದಳು ಅವ್ವನ ಪಕ್ಕ ಕೂತಿದ್ದ ದೊಡ್ಡವ್ವ.

"ಅಪ್ಪನ ಕುಣಿ ಮಣ್ಣು."

"ಹೆಣದ ಮಣ್ಣು ಮನಿಯೊಳಗ ತಂದ್ಯಾ! ಹೊರಗ ಒಗಿ ಮೊದಲು, ಒಗಿ!"

ದೊಡ್ಡವ್ವ ಕೈ ಚಾಚಿದಳು. ಅವ್ವ ಚೀಲವನ್ನು ಎದೆಗೆ ಎಳೆದುಕೊಂಡಳು. ಬಟ್ಟೆಯನ್ನು ತಿರುಗಿಸಿ ನೋಡಿದಳು. ಅವಳದೇ ಒಂದು ಹಳೆಯ ಕುಪ್ಪಸದ ತುಂಡು ಅದು, ತಳಕ್ಕೆ ಎರಡು ಸುತ್ತಿನ ಹೊಲಿಗೆ. ಒಳಗೆ ಕೈ ಹಾಕಿ, ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದಳು, ನಾನು ಮಾಡುವ ಹಾಗೆಯೇ. ಬಹಳ ಹೊತ್ತು ಹೊಸೆದಳು.

"ನೀರು ನಿಂದ್ರಂಗಿಲ್ಲಲಾ ಇದ್ರಾಗ?"

"ಇಲ್ಲವ್ವಾ. ನೋಡೀನಿ."

ಅವ್ವ ಚೀಲದ ಬಾಯಿಗೆ ದಾರ ಕಟ್ಟಿದಳು. ಕಂಬ ಹಿಡಿದು ಎದ್ದು, ಅಂಗಳದಲ್ಲಿ ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನನಗೂ ನೀರು ತೋಡ್ರಿ. ನಾನೂ ಮಣ್ಣಿಗೆ ಹೋಗಿ ಬಂದೀನಿ."